ರಿಪೇರಿ ಬೇಕು, ಸುಣ್ಣಬಣ್ಣ ಬೇಡ ಅಂದರೆ?

ತುಮಕೂರಿನ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಯಲ್ಲಿ ಹೊತ್ತು ಹುಟ್ಟುವ ಮುಂಚೆಯೇ ಅರ್ಧ ವ್ಯಾಪಾರ ಮುಗಿದಿರುತ್ತದೆ. 2025ರ ಆಗಸ್ಟ್ ಕೊನೆಯ ಒಂದು ಬೆಳಗಿನ ಜಾವ, ಮನೆಯ ನಾಮಕರಣಕ್ಕೆ ಸಗಟಿನಲ್ಲಿ ತರಕಾರಿ ತರೋಣವೆಂದು ಅಲ್ಲಿಗೆ ಹೋಗಿದ್ದೆ. ಪರಿಚಯದ ಮಂಡಿಯವರೊಬ್ಬರು ಗಲ್ಲಾ ಮುಂದೆ ಕೂತಿದ್ದರು. ಅವರ ಫೋನು ಯಾವಾಗಲೂ ಒಂದು ಪ್ಲಾಸ್ಟಿಕ್ ಕವರಿನೊಳಗೆ ಇರುತ್ತದೆ, ಕವರಿಗೊಂದು ರಬ್ಬರ್ ಬ್ಯಾಂಡು. ಸೊಪ್ಪಿನ ನೀರು ಬೀಳದಿರಲಿ ಅಂತ. ಫೋನು ರಿಂಗಾಯಿತು. ಅವರು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರು. ರಿಂಗು ನಿಲ್ಲಲಿಲ್ಲ. ಮತ್ತೆ ತಳ್ಳಿದರು. ಕವರು ಅಡ್ಡ ಬಂತೇನೋ ಎಂದು ಬಿಚ್ಚಿ, ಬೆರಳನ್ನು ಪಂಚೆಗೆ ಒರೆಸಿಕೊಂಡು ಇನ್ನೊಮ್ಮೆ ತಳ್ಳಿದರು. ಅಷ್ಟೊತ್ತಿಗೆ ಆ ಕಡೆಯವರಿಗೆ ಸಾಕಾಗಿ ಇಟ್ಟುಬಿಟ್ಟರು. ಶಿರಾ ಕಡೆಯಿಂದ ಟೊಮೇಟೊ ತರುತ್ತಿದ್ದ ಟೆಂಪೊದವರು ಅವರು, ಗೇಟಿನ ಹತ್ತಿರ ನಿಂತು ಎಲ್ಲಿ ಇಳಿಸಬೇಕು ಅಂತ ಕೇಳುತ್ತಿದ್ದರು.

"ಯಾವನ್ಲಾ ನನ್ ಫೋನ್ ಮುಟ್ಟಿದ್ದು?" ಎಂದು ಯಜಮಾನರು ಹುಡುಗರ ಮೇಲೆ ಹರಿಹಾಯ್ದರು. ಕ್ರೇಟು ಜೋಡಿಸುತ್ತಿದ್ದ ಹುಡುಗನೊಬ್ಬ ಬಂದು ಫೋನು ನೋಡಿ, "ಅಡ್ಡಕ್ಕೆ ತಳ್ಬೇಕು ಯಜಮಾನ್ರೆ, ಈಗ ಎಲ್ಲರ್ದೂ ಹಂಗೇ ಆಗೈತೆ" ಎಂದ. ಯಜಮಾನರು ನನ್ನ ಕಡೆ ತಿರುಗಿದರು. "ನಾನು ಅಪ್‌ಡೇಟ್ ಮಾಡೇ ಇಲ್ವಲ್ಲ ಸಾ? ದಿನಾ ಕೇಳ್ತೈತೆ, ದಿನಾ ಬ್ಯಾಡ ಅಂತೀನಿ. ಆದ್ರೂ ಹೆಂಗ್ ಬದಲಾಯ್ತು?"

ನನ್ನ ಪ್ರಕಾರ ಅಪ್‌ಡೇಟ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ಅವರು ನಿಜವಾಗಿಯೂ ಮಾಡಿರಲಿಲ್ಲ. ಬದಲಾದದ್ದು ಫೋನಿನ ಆಪರೇಟಿಂಗ್ ಸಿಸ್ಟಂ ಅಲ್ಲವೇ ಅಲ್ಲ. ಕರೆ ಮಾಡುವ ಆ್ಯಪ್ ಒಂದೇ ಬದಲಾಗಿತ್ತು, ಅದೂ ಪ್ಲೇ ಸ್ಟೋರ್ ಮೂಲಕ, ರಾತ್ರಿ ಚಾರ್ಜಿಗೆ ಹಾಕಿದ್ದಾಗ, ಯಾರನ್ನೂ ಕೇಳದೆ. ಆ ತಿಂಗಳು ದೇಶದ ತುಂಬ ಇದೇ ಗಲಾಟೆ. ಹ್ಯಾಕ್ ಆಗಿದೆ ಅಂದವರಿದ್ದರು, ಮಗ ಏನೋ ಒತ್ತಿದ್ದಾನೆ ಎಂದು ಮಗನಿಗೆ ಬೈದವರಿದ್ದರು. ಆ ಆ್ಯಪ್‌ನ ಮೇಲೆ ಬೆರಳಿಟ್ಟು ಹಿಡಿದು, ಅದರ ಮಾಹಿತಿ ಪುಟಕ್ಕೆ ಹೋಗಿ ಅಪ್‌ಡೇಟ್‌ಗಳನ್ನು ತೆಗೆದರೆ ಹಳೆಯ ರೂಪ ವಾಪಸು ಬರುತ್ತದೆ ಎಂಬ ಉಪಾಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮನೆಮದ್ದಿನ ಹಾಗೆ ಓಡಾಡಿತು.

ಅಪ್‌ಡೇಟ್ ಎನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಕೆಲಸಗಳು ತೂರಿಕೊಂಡಿವೆ. ತಿಂಗಳು ತಿಂಗಳು ಬರುವ ಭದ್ರತೆಯ ತೇಪೆ ಒಂದು. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ಇನ್ನೊಂದು, ಆಂಡ್ರಾಯ್ಡ್ 14 ಹೋಗಿ 15 ಬಂತು ಅನ್ನುತ್ತೇವಲ್ಲ ಅದು. ಮೂರನೆಯದು ಆ್ಯಪ್‌ಗಳು ತಾವಾಗಿಯೇ ಬದಲಾಗುವುದು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಸೋರುವ ಹೆಂಚು ಸರಿಮಾಡುವುದು ಬೇರೆ, ಸುಣ್ಣಬಣ್ಣ ಬಳಿಯುವುದು ಬೇರೆ, ಅಡುಗೆಮನೆಯ ಬಾಗಿಲನ್ನು ಕಿತ್ತು ಇನ್ನೊಂದು ಗೋಡೆಗೆ ಇಡುವುದು ಬೇರೆ. ಫೋನಿನವರು ಮೂರಕ್ಕೂ ಒಬ್ಬನೇ ಮೇಸ್ತ್ರಿಯನ್ನು ಕಳಿಸುತ್ತಾರೆ, ಬಂದವನು ಏನು ಮಾಡಿ ಹೋದ ಎನ್ನುವುದು ಬೆಳಿಗ್ಗೆ ಎದ್ದು ಗೋಡೆಗೆ ಡಿಕ್ಕಿ ಹೊಡೆದ ಮೇಲೇ ಗೊತ್ತಾಗುವುದು.

ಹಾಗಾಗಿ ಅಪ್‌ಡೇಟೇ ಬೇಡ ಎನ್ನುವ ಪಕ್ಷ ನಮ್ಮಲ್ಲಿ ಸಣ್ಣದಲ್ಲ. ಶಿರಾಗೇಟ್ ಕಡೆ ನಾನು ಫೋನು ತೋರಿಸುವ ರಿಪೇರಿ ಅಂಗಡಿಯ ಹುಡುಗ ಆ ಪಕ್ಷದ ಕಟ್ಟಾಳು. ಡಿಸ್ಪ್ಲೇ ಹಾಕಿಸಿಕೊಂಡು ಹೊರಟವರಿಗೆಲ್ಲ ಅವನ ಕೊನೆಯ ಮಾತು ಒಂದೇ: "ಅಪ್‌ಡೇಟ್ ಬಂದ್ರೆ ಮಾಡಕ್ ಹೋಗ್ಬೇಡಿ ಅಣ್ಣ." ಅವನ ವಾದದಲ್ಲಿ ತಿರುಳಿದೆ. ಮೂರು ವರ್ಷದ ಹಿಂದೆ ನಾಲ್ಕು ಜಿಬಿ ರ‍್ಯಾಮ್ ಇಟ್ಟು ಮಾರಿದ ಫೋನಿಗೆ, ಎಂಟು ಜಿಬಿ ಇರುವ ಈಗಿನ ಫೋನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಫ್ಟ್‌ವೇರ್ ಹಾಕಿದರೆ ಅದು ಏದುಸಿರು ಬಿಡುತ್ತದೆ. ಮೂವತ್ತೆರಡು ಜಿಬಿ ಜಾಗದಲ್ಲಿ ಸಿಸ್ಟಂ ಒಂದೇ ಅರ್ಧ ಕಬಳಿಸಿದರೆ ಮಗುವಿನ ಫೋಟೊ ಎಲ್ಲಿಡುವುದು? ದೊಡ್ಡ ಅಪ್‌ಡೇಟ್ ಎರಡು ಮೂರು ಜಿಬಿ ತೂಗುತ್ತದೆ, ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಹಾಕಿಸಿದವನಿಗೆ ಅದು ಎರಡು ದಿನದ ನೆಟ್. ಇಷ್ಟಾದ ಮೇಲೆ ಕೇಳದ ಎರಡು ಆಟದ ಆ್ಯಪ್‌ಗಳು, ಲಾಕ್ ಸ್ಕ್ರೀನಿನ ಮೇಲೆ ಜಾಹೀರಾತು. ಬಿಟ್ಟಿ ಬಾಡೂಟಕ್ಕೆ ಕರೆದು ಎಲೆಯ ತುದಿಯಲ್ಲಿ ಪಾಂಪ್ಲೆಟ್ ಇಟ್ಟ ಹಾಗೆ.

ಇದೆಲ್ಲ ಅಂಗಡಿ ಹುಡುಗನ ಕಟ್ಟುಕತೆ ಅನ್ನುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಕಂಪನಿ, ಬ್ಯಾಟರಿ ಸವೆದ ಹಳೆಯ ಐಫೋನ್‌ಗಳ ವೇಗವನ್ನು ಐಒಎಸ್ ಅಪ್‌ಡೇಟ್ ಮೂಲಕ ತಾನೇ ತಗ್ಗಿಸಿದ್ದಾಗಿ ಒಪ್ಪಿಕೊಂಡಿತು. ಸವೆದ ಬ್ಯಾಟರಿಯಿಂದ ಫೋನು ದಿಢೀರನೆ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಎನ್ನುವುದು ಅದರ ಸಮಜಾಯಿಷಿ. ಕಾರಣ ಸುಳ್ಳಿರಲಿಕ್ಕಿಲ್ಲ. ಆದರೆ ಯಾರಿಗೂ ಹೇಳದೆ ಮಾಡಿದ್ದಕ್ಕೆ ಜನ ಸಿಟ್ಟಾದರು. ಹೊಸ ಫೋನು ಕೊಳ್ಳುವ ಬದಲು ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿತ್ತು ಎಂದು ಲಕ್ಷಾಂತರ ಜನಕ್ಕೆ ಆಮೇಲೆ ತಿಳಿಯಿತು. ಕಂಪನಿ ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅಪ್‌ಡೇಟ್‌ನಿಂದ ಫೋನು ಕುಂಟುವಂತೆ ಮಾಡಿದ್ದಕ್ಕೆ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಸ್ಯಾಮ್‌ಸಂಗ್ ಆರೋಪ ಒಪ್ಪಲಿಲ್ಲ. 2020ರಲ್ಲಿ ಫ್ರಾನ್ಸ್ ಆ್ಯಪಲ್‌ಗೆ 2.5 ಕೋಟಿ ಯೂರೊ ದಂಡ ಹಾಕಿದಾಗ ತಪ್ಪು ಎಂದು ಎತ್ತಿ ತೋರಿಸಿದ್ದು ಮುಖ್ಯವಾಗಿ ಒಂದನ್ನೇ: ಗ್ರಾಹಕನಿಗೆ ಹೇಳಲಿಲ್ಲ.

ನಮ್ಮಲ್ಲೂ ಸದ್ದಾಗಿದೆ. 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ, ಐಒಎಸ್ 18ರ ನಂತರ ಫೋನು ತೊಂದರೆ ಕೊಡುತ್ತಿದೆ ಎಂಬ ದೂರುಗಳ ಮೇಲೆ ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ಆ್ಯಪಲ್‌ಗೆ ನೋಟಿಸ್ ಹೋಗಿದೆ ಎಂದು ತಿಳಿಸಿದರು. ಆ ದೂರುಗಳು ಬಂದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ಫೋನು ನಿಧಾನವಾದರೆ ಸರ್ಕಾರಕ್ಕೆ ದೂರು ಕೊಡಬಹುದು ಎನ್ನುವುದೇ ನಮ್ಮ ಕಡೆ ಬಹಳ ಜನಕ್ಕೆ ಹೊಸ ಸುದ್ದಿ. ಮಿಕ್ಸಿ ಕೆಟ್ಟರೆ ಬಿಲ್ಲು ಹಿಡಿದು ಅಂಗಡಿಗೆ ಹೋಗಿ ಜಗಳ ಮಾಡುವವರೂ ಫೋನು ಕೆಟ್ಟರೆ "ನಾನೇ ಏನೋ ಒತ್ತಿದೆ" ಎಂದು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ಹಾಗಂತ ಅಂಗಡಿ ಹುಡುಗನ ಮಾತನ್ನು ಪೂರ್ತಿ ನುಂಗಲೂ ಆಗುವುದಿಲ್ಲ. ಅವನ ಅಂಗಡಿಗೆ ಬರುವವರೆಲ್ಲ ಫೋನು ಕೆಟ್ಟವರೇ. ಅಪ್‌ಡೇಟ್ ಮಾಡಿ ಸುಖವಾಗಿರುವವರು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೂತವನಿಗೆ ಊರೆಲ್ಲ ರೋಗಿಗಳೇ ಅನ್ನಿಸುವ ಹಾಗೆ ಇದು. ಮೂರು ವರ್ಷವಾದ ಬ್ಯಾಟರಿ ಅಪ್‌ಡೇಟ್ ಇರಲಿ ಇಲ್ಲದಿರಲಿ ಸೋಲುತ್ತಲೇ ಇರುತ್ತದೆ. ಅಗ್ಗದ ಫೋನಿನ ಮೆಮೊರಿ ತುಂಬಿದಷ್ಟೂ ಮಂದವಾಗುತ್ತದೆ. ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಫೋನು ಒಳಗೊಳಗೇ ಆ್ಯಪ್‌ಗಳನ್ನು ಮತ್ತೆ ಹೊಂದಿಸಿಕೊಳ್ಳುತ್ತಿರುತ್ತದೆ, ಬಿಸಿಯಾಗುತ್ತದೆ, ಚಾರ್ಜು ಕುಡಿಯುತ್ತದೆ. ಆ ಎರಡು ದಿನದ ಅನುಭವದ ಮೇಲೆ ತೀರ್ಪು ಕೊಟ್ಟುಬಿಡುತ್ತೇವೆ. ನಾನೂ ಕೊಟ್ಟಿದ್ದೇನೆ, ಮೂರನೆಯ ದಿನ ಬಾಯಿ ಮುಚ್ಚಿಕೊಂಡಿದ್ದೇನೆ.

ಬೇಕು ಎನ್ನುವ ಪಕ್ಷದ ದೊಡ್ಡ ವಾದ ಭದ್ರತೆಯದು. 2015ರ ಜುಲೈನಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಎಂಬ ಹುಳುಕು ಬಯಲಾಯಿತು. ವಿಷ ಬೆರೆಸಿದ ಒಂದು ವಿಡಿಯೊ ಎಂಎಂಎಸ್ ಬಂದರೆ ಸಾಕು, ಕೆಲವು ಸಲ ನೀವದನ್ನು ತೆರೆಯಲೂ ಬೇಕಿರಲಿಲ್ಲ, ಫೋನಿನೊಳಗೆ ಕಳ್ಳ ನುಗ್ಗಬಹುದಿತ್ತು. ಅದಾದ ಮೇಲೆ ಅದೇ ಆಗಸ್ಟ್‌ನಿಂದ ಗೂಗಲ್ ತಿಂಗಳಿಗೊಮ್ಮೆ ಭದ್ರತೆಯ ತೇಪೆ ಹಾಕಲು ಶುರುಮಾಡಿತು. ಹತ್ತು ವರ್ಷದ ಹಿಂದೆ ನಮ್ಮ ಮಾರುಕಟ್ಟೆಯಲ್ಲಿ ಫೋನೊಳಗೆ ಕದಿಯುವಂಥದ್ದೇನೂ ಇರಲಿಲ್ಲ. ಈಗ ಅಂತರಸನಹಳ್ಳಿಯ ಒಂದೊಂದು ಮಂಡಿಯ ಗಲ್ಲಾದ ಮುಂದೂ ಕ್ಯುಆರ್ ಕೋಡು ಅಂಟಿಸಿದೆ, ಹೂವಿನವರ ಬುಟ್ಟಿಗೂ ಅಂಟಿಸಿದೆ. ದುಡ್ಡಿನ ಡಬ್ಬಿ ಮೇಜಿನಿಂದ ಜೇಬಿಗೆ ಬಂದಿದೆ.

ಕಳ್ಳರೂ ಅಲ್ಲಿಗೇ ಬಂದಿದ್ದಾರೆ. ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲು ಬರುತ್ತದೆ. ಒತ್ತಿದರೆ ಅದು ಆ್ಯಪ್ ಆಗಿ ಕೂತು ಮೆಸೇಜು ಓದಿ ಒಟಿಪಿ ಕದಿಯುತ್ತದೆ. ಯಾವ ಅಪ್‌ಡೇಟೂ ನಮ್ಮ ಬೆರಳನ್ನು ಹಿಡಿದು ನಿಲ್ಲಿಸುವುದಿಲ್ಲ, ನಿಜ. ಆದರೆ 2022ರ ಆಂಡ್ರಾಯ್ಡ್ 13, ಹೀಗೆ ಹೊರಗಿನಿಂದ ಬಂದ ಆ್ಯಪ್‌ಗೆ ಪರದೆಯನ್ನೇ ಓದುವಂಥ ಅಪಾಯಕಾರಿ ಅನುಮತಿ ಸುಲಭಕ್ಕೆ ಸಿಗದ ಹಾಗೆ ಅಡ್ಡಗಟ್ಟೆ ಹಾಕಿತು. ಹಳೆಯ ಆವೃತ್ತಿಯಲ್ಲೇ ನಿಂತವರಿಗೆ ಆ ಗಟ್ಟೆ ಇಲ್ಲ. ಇಲ್ಲಿ ಎದುರು ಪಕ್ಷಕ್ಕೂ ಒಂದು ಮಾತಿದೆ: ಆಂಡ್ರಾಯ್ಡ್ 10ರಿಂದ ಈಚೆಗೆ ಭದ್ರತೆಯ ಕೆಲವು ಭಾಗಗಳು ಪ್ಲೇ ಸ್ಟೋರ್ ದಾರಿಯಿಂದಲೇ ಬಂದು ಸೇರುತ್ತವೆ. ಹಾಗಾಗಿ ಅಪ್‌ಡೇಟ್ ನಿಂತ ಫೋನು ಮರುದಿನವೇ ಬಾಗಿಲು ತೆರೆದ ಮನೆಯಾಗುವುದಿಲ್ಲ. ಚಿಲಕ ಒಂದೊಂದಾಗಿ ಸಡಿಲವಾಗುತ್ತ ಹೋಗುತ್ತದೆ, ಅಷ್ಟೆ.

ಎರಡನೆಯ ವಾದ ಬಳಕೆಯದು, ಅದನ್ನು ಬೇಗ ಹೇಳಿ ಮುಗಿಸಬಹುದು. ವಾಟ್ಸ್‌ಆ್ಯಪ್ 2023ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳ ಕೈಬಿಟ್ಟಿತು. ಬ್ಯಾಂಕುಗಳ, ಯುಪಿಐನ ಆ್ಯಪ್‌ಗಳೂ ಹಾಗೇ ಮೆಟ್ಟಿಲು ಏರುತ್ತಿರುತ್ತವೆ. ಜನರೇ ಅಪ್‌ಡೇಟ್‌ಗಾಗಿ ಕಾದು ಕೂತದ್ದೂ ಉಂಟು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆಯಾಯಿತು. 5ಜಿ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ ವರ್ಷದ ಹಿಂದೆಯೇ ದುಡ್ಡು ಸುರಿದವರ ಫೋನಿನಲ್ಲಿ 4ಜಿ ಅಂತಲೇ ತೋರಿಸುತ್ತಿತ್ತು. ಅದನ್ನು ತೆರೆಯುವ ಬೀಗದ ಕೈ ಇದ್ದದ್ದು ಅಪ್‌ಡೇಟ್‌ನಲ್ಲಿ. ಸರ್ಕಾರ ಕಂಪನಿಗಳನ್ನು ಕರೆಸಿ ಬೇಗ ಕೊಡಿ ಎನ್ನಬೇಕಾಯಿತು. ಐಫೋನ್‌ನವರಿಗೆ ಅದು ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಐಒಎಸ್ 16.2 ಬಂದಾಗ.

ಇನ್ನೊಂದು ವಾದವನ್ನು ಮಾತ್ರ ನಾನು ಇಷ್ಟು ಬೇಗ ದಾಟಲಾರೆ, ಏಕೆಂದರೆ ನನ್ನ ನಿಲುವಿಗೆ ಪೆಟ್ಟು ಬಿದ್ದದ್ದು ಅಲ್ಲೇ. ಬಹಳ ದಿನ ನನ್ನ ಮಾತು ಸರಳವಾಗಿತ್ತು: ರಿಪೇರಿ ಕೊಡಿ, ಸುಣ್ಣಬಣ್ಣ ಬೇಡ. ತೂತು ಮುಚ್ಚಿ, ಹೊಸದೇನನ್ನೂ ತರಬೇಡಿ. ಯಾವುದೇ ಊರಿನ ಕಟ್ಟೆಯ ಮೇಲೆ ಹೇಳಿದರೂ ನಾಲ್ಕು ಜನ ತಲೆದೂಗುವ ಮಾತು ಇದು. ಹೀಗೆ ಒಂದು ದಿನ ತಲೆದೂಗಿಸುತ್ತಿದ್ದಾಗ, ಆ ಮಾತನ್ನು ನಾನು ಕನ್ನಡದಲ್ಲಿ ಟೈಪು ಮಾಡಿ ನಮ್ಮ ಗುಂಪಿಗೆ ಕಳಿಸಿದ್ದೆ ಎನ್ನುವುದು ಹೊಳೆಯಿತು.

2011ರ ಸುಮಾರಿಗೆ ಸ್ಮಾರ್ಟ್‌ಫೋನ್ ಕೊಂಡವರಿಗೆ ನೆನಪಿರಬಹುದು. ಬೆಂಗಳೂರಿನಿಂದ ತಮ್ಮ ಕನ್ನಡದಲ್ಲಿ ದೀಪಾವಳಿಯ ಶುಭಾಶಯ ಕಳಿಸಿದರೆ ನನ್ನ ಪರದೆಯ ಮೇಲೆ ಬಂದದ್ದು ಸಾಲು ಸಾಲು ಖಾಲಿ ಚೌಕಗಳು, ಕಿಟಕಿ ಕಿತ್ತ ಮನೆಯ ಹಾಗೆ. ಕೆಲವು ಫೋನಿನಲ್ಲಿ ಅಕ್ಷರ ಬಂದರೂ ಒತ್ತು ಕೂರುತ್ತಿರಲಿಲ್ಲ. 'ಅಕ್ಷರ' ಎನ್ನುವ ಪದದಲ್ಲೇ ಕಕಾರ ಒಂದು ಕಡೆ, ಷಕಾರ ಇನ್ನೊಂದು ಕಡೆ, ನಡುವೆ ಜಾಗ ಹುಡುಕುತ್ತ ಅಲೆಯುವ ಒಂದು ಹಲಂತದ ಗುರುತು. ಪತ್ರಿಕೆಯ ಪುಟ ಓದಬೇಕೆಂದರೆ ಓಪೆರಾ ಮಿನಿ ಹಾಕಿಕೊಂಡು, ಅದರ ಒಳಗಿನ ಒಂದು ಗುಪ್ತ ಸೆಟ್ಟಿಂಗ್‌ಗೆ ಹೋಗಿ, ಅಕ್ಷರಗಳನ್ನು ಚಿತ್ರದ ರೂಪದಲ್ಲಿ ತರಿಸಿಕೊಳ್ಳಬೇಕಿತ್ತು. ಚಿತ್ರ ಅಂದರೆ ಚಿತ್ರವೇ, ಒಂದು ಪದವನ್ನು ಎತ್ತಿಕೊಂಡು ಇನ್ನೊಬ್ಬರಿಗೆ ಕಳಿಸುವ ಹಾಗಿಲ್ಲ. ಧೈರ್ಯವಂತರು ಫೋನನ್ನು ರೂಟ್ ಮಾಡಿ ಕನ್ನಡ ಫಾಂಟು ತುರುಕಿದರು. ನನ್ನ ಗೆಳೆಯನೊಬ್ಬನ ಫೋನು ಆ ಶಸ್ತ್ರಚಿಕಿತ್ಸೆಯಲ್ಲೇ ತೀರಿಕೊಂಡಿತು.

2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳ ಅಕ್ಷರಗಳು ಸಿಸ್ಟಂ ಜೊತೆಗೇ ಬಂದವು. 2014ರ ಆಂಡ್ರಾಯ್ಡ್ 5ರಲ್ಲಿ ಫೋನಿನ ಮೆನುವನ್ನೇ ಕನ್ನಡಕ್ಕೆ ಬದಲಿಸಿಕೊಳ್ಳಬಹುದಾಯಿತು. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ಕೊಟ್ಟಿತು. ಅದೇ ವರ್ಷ ಐಒಎಸ್ 11ರೊಂದಿಗೆ ಐಫೋನಿಗೆ ಕನ್ನಡದ ಕೀಬೋರ್ಡು ಬಂತು. ಇಡೀ ಐಫೋನು ಕನ್ನಡದಲ್ಲಿ ಮಾತಾಡಲು ಮಾತ್ರ 2025ರ ಐಒಎಸ್ 18.4ರ ತನಕ ಕಾಯಬೇಕಾಯಿತು. ಅಷ್ಟೊತ್ತಿಗೆ ಕೋಲಾರದ ನರಸಾಪುರದಲ್ಲಿ ನಮ್ಮವರೇ ಐಫೋನು ಜೋಡಿಸಲು ಶುರುಮಾಡಿ ವರ್ಷಗಳಾಗಿದ್ದವು.

ಇವುಗಳಲ್ಲಿ ಒಂದೂ ಭದ್ರತೆಯ ತೇಪೆಯಾಗಿರಲಿಲ್ಲ. ಆಗ ಕಂಪನಿಯ ಕಣ್ಣಿನಲ್ಲಿ ಕನ್ನಡ ಎನ್ನುವುದು ಹೊಸ ಸೌಲಭ್ಯ, ನನ್ನ ಭಾಷೆಯಲ್ಲಿ ಹೇಳಿದರೆ ಸುಣ್ಣಬಣ್ಣ. ಹೊಸದೇನೂ ಬೇಡ ಎಂಬ ನನ್ನ ಮಾತನ್ನು 2011ರಲ್ಲೇ ಯಾರಾದರೂ ಕೇಳಿದ್ದರೆ ಇವತ್ತಿಗೂ ಚೌಕಗಳನ್ನೇ ನೋಡುತ್ತ ಕೂತಿರುತ್ತಿದ್ದೆ. ಫೋನನ್ನು ಇಂಗ್ಲಿಷಿನಲ್ಲಿ ಮಾಡಿದವರಿಗೆ ಅದು ಮೊದಲ ದಿನವೇ ಪೂರ್ತಿಯಾಗಿತ್ತು, ನಮಗೆ ಅದು ಕಂತಿನಲ್ಲಿ ಬಂದಿದೆ. ಕಂತು ಇನ್ನೂ ಮುಗಿದಿಲ್ಲ ಬೇರೆ. ಕನ್ನಡ ಮೆನುವಿನ ಕೆಲವು ಪದಗಳು ಎಷ್ಟು ಬಿಗಿಯೆಂದರೆ, ಅಪ್ಪಟ ಕನ್ನಡಿಗರೂ ಒಂದು ವಾರ ತಿಣುಕಿ ಇಂಗ್ಲಿಷ್ ಮೆನುವಿಗೇ ವಾಪಸು ಹೋಗುತ್ತಾರೆ. ಅದು ಸರಿಹೋಗಬೇಕಾದದ್ದೂ ಯಾವುದೋ ಮುಂದಿನ ಅಪ್‌ಡೇಟ್‌ನಲ್ಲೇ.

ತಯಾರಕರ ಕಷ್ಟವನ್ನೂ ಕೇಳಬೇಕು. ಆಂಡ್ರಾಯ್ಡ್‌ನ ಹೊಸ ಆವೃತ್ತಿ ಗೂಗಲ್‌ನಿಂದ ಹೊರಟು ನೇರವಾಗಿ ನಮ್ಮ ಕೈಗೆ ಬರುವುದಿಲ್ಲ. ಚಿಪ್ ಮಾಡಿದ ಕಂಪನಿ ತನ್ನ ಚಿಪ್‌ಗೆ ಒಗ್ಗುವ ಕೋಡು ಕೊಡಬೇಕು, ಫೋನ್ ಕಂಪನಿ ತನ್ನ ಕ್ಯಾಮೆರಾ, ತನ್ನ ಅಲಂಕಾರಗಳ ಜೊತೆ ಅದನ್ನು ಹೊಂದಿಸಿ ಪರೀಕ್ಷೆ ಮಾಡಬೇಕು. ಹತ್ತು ಹದಿನೈದು ಸಾವಿರದ ಫೋನಿನಲ್ಲಿ ಉಳಿಯುವ ಲಾಭ ಸಣ್ಣದು. ಮಾರಿ ಮೂರು ವರ್ಷವಾದ ಫೋನಿಗೆ ಎಂಜಿನಿಯರ್‌ಗಳನ್ನು ಕೂರಿಸಿ ಸಂಬಳ ಕೊಡುವುದು ಅವರಿಗೆ ಕೈಯಿಂದ ಕಳೆದುಕೊಳ್ಳುವ ಬಾಬತ್ತು. ಈ ಗೋಜಲು ಬಿಡಿಸಲೆಂದೇ ಗೂಗಲ್ 2017ರ ಆಂಡ್ರಾಯ್ಡ್ 8ರಲ್ಲಿ ಚಿಪ್‌ನ ಭಾಗವನ್ನೂ ಸಿಸ್ಟಂ ಭಾಗವನ್ನೂ ಬೇರೆ ಬೇರೆ ಮಾಡಿತು. ಪರಿಸ್ಥಿತಿ ಸುಧಾರಿಸಿದೆ. 2023ರ ಪಿಕ್ಸೆಲ್ 8ಕ್ಕೆ, 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿದ್ದಾರೆ. ಅವು ದುಬಾರಿ ಫೋನುಗಳು, ಮಂಡಿಯಲ್ಲಿ ಕಾಣುವುದಿಲ್ಲ. ಆದರೆ ಅದೇ ವರ್ಷ ಬಂದ, ಇಪ್ಪತ್ತು ಸಾವಿರದ ಒಳಗಿನ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಮಾತು ಸಿಕ್ಕಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ: ಒಂದು ಮಾಡೆಲ್ ಮಾರುವುದು ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಅಂಗಡಿಗೆ ಹೋದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ನಾವು ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳುವುದೂ ಇಲ್ಲ, ಕೇಳಿದರೆ ಮಾರುವ ಹುಡುಗನಿಗೆ ಗೊತ್ತಿರುವುದೂ ಇಲ್ಲ.

ತುಮಕೂರಿನವರಿಗೆ ಈ ಚರ್ಚೆ ಹೊಸದೇನಲ್ಲ, ಬೇರೆ ವೇಷದಲ್ಲಿ ಒಮ್ಮೆ ನೋಡಿದ್ದೇವೆ. ಇಲ್ಲಿ ಎಚ್ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಕೀ ಕೊಟ್ಟರೆ ಓಡುವ ಎಚ್ಎಂಟಿ ವಾಚು ನಮ್ಮಪ್ಪನ ಕೈಯಲ್ಲಿ ಇವತ್ತಿಗೂ ಇದೆ, ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವುದು ಬಿಟ್ಟರೆ ಅದರ ಮೇಲೆ ಬೇರೆ ದೂರಿಲ್ಲ. ಅಪ್‌ಡೇಟ್ ಬೇಡ ಎನ್ನುವವರು ಇದನ್ನು ಹೆಮ್ಮೆಯಿಂದ ತೋರಿಸುತ್ತಾರೆ: ನೋಡಿ, ಯಾರೂ ಏನೂ ಬದಲಿಸಲಿಲ್ಲ, ನಲವತ್ತು ವರ್ಷ ಓಡಿತು. ಆದರೆ ಅದನ್ನು ಮಾಡಿದ ಕಾರ್ಖಾನೆ ಓಡಲಿಲ್ಲ. ಎಚ್ಎಂಟಿ ಕ್ವಾರ್ಟ್ಜ್ ವಾಚನ್ನು ಮಾಡಿಯೂ ನೆಚ್ಚಿಕೊಂಡದ್ದು ಕೀ ಕೊಡುವ ವಾಚನ್ನೇ. ಅಷ್ಟರಲ್ಲಿ ಹೊಸೂರಿನಿಂದ ಟೈಟನ್ ಬಂದು ಮಾರುಕಟ್ಟೆ ಎತ್ತಿಕೊಂಡು ಹೋಯಿತು. 2016ರಲ್ಲಿ ಎಚ್ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ತುಮಕೂರಿನ ಜಾಗ ಇಸ್ರೊ ಪಾಲಾಯಿತು. ಅಪ್ಪನ ವಾಚನ್ನು ನಾನು ಎರಡೂ ಪಕ್ಷಕ್ಕೆ ಸಾಕ್ಷಿಯಾಗಿ ಕರೆದು ನೋಡಿದ್ದೇನೆ, ಅದು ಎರಡೂ ಕಡೆ ಹೌದು ಅನ್ನುತ್ತದೆ. ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ವಾಚಿಗೆ ಹೊರಗಿನ ಜಗತ್ತಿನ ಜೊತೆ ಕೊಡುಕೊಳು ಇಲ್ಲ, ಒಬ್ಬನೇ ಮೂಲೆಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದರೆ ಸಾಕು. ಫೋನಿಗೆ ಆ ಭಾಗ್ಯವಿಲ್ಲ.

ಆ ಕೊಡುಕೊಳುವಿನ ಭಾರ ಹೆಚ್ಚು ಬೀಳುವುದು ಕೈಯಲ್ಲಿ ಒಳ್ಳೆಯ ಫೋನಿಲ್ಲದವರ ಮೇಲೆ. ಅಂಗನವಾಡಿ ಕಾರ್ಯಕರ್ತೆಯರ ಕೆಲಸವನ್ನು ನೋಡಿ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. 2025ರ ಜುಲೈ 1ರಿಂದ ಮನೆಗೆ ಕೊಡುವ ಪಡಿಗೆ ಫಲಾನುಭವಿಯ ಮುಖವನ್ನು ಫೋನಿನಲ್ಲೇ ಗುರುತಿಸಬೇಕಾಯಿತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡ ತಾಯಿಯನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ "ಕಣ್ಣು ಮಿಟುಕಿಸಮ್ಮ, ಇನ್ನೊಂದ್ಸಲ ಮಿಟುಕಿಸು" ಎನ್ನುತ್ತ ನಿಂತವರ ಕೈಯಲ್ಲಿ ಹಳೆಯ ಫೋನಿದ್ದರೆ, ಆ್ಯಪ್ ಹೊಸದಾದಷ್ಟೂ ಫೋನು ತಿಣುಕುತ್ತದೆ. ಇಂಥ ಕಡೆ ಅಪ್‌ಡೇಟ್ ಬೇಕೋ ಬೇಡವೋ ಎಂದು ಕೇಳಿದರೆ ಅವರು ನಕ್ಕಾರು. ಆ್ಯಪ್‌ಗೆ ಅಪ್‌ಡೇಟ್ ಕಡ್ಡಾಯ, ಫೋನಿಗೆ ಅದು ಬರುವುದೇ ನಿಂತಿದೆ. ಎರಡರ ನಡುವಿನ ಅಂತರವನ್ನು ತುಂಬುತ್ತಿರುವುದು ಅವರ ತಾಳ್ಮೆ.

ಬೇಡವೆನಿಸಿದರೆ ಹಳೆಯದಕ್ಕೆ ವಾಪಸು ಹೋಗುವ ದಾರಿಯನ್ನಾದರೂ ಕೊಡಿ ಎನ್ನುವುದು ಜನರ ಬೇಡಿಕೆಗಳಲ್ಲಿ ಮುಖ್ಯವಾದದ್ದು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ್ಯಪಲ್ ಹೊಸ ಆವೃತ್ತಿ ಬಂದ ಸ್ವಲ್ಪ ದಿನಕ್ಕೆಲ್ಲ ಹಳೆಯದಕ್ಕೆ ಬೀಗ ಹಾಕುತ್ತದೆ, ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲೂ ಹಿಂದೆ ಹೋಗುವುದು ಸುಲಭವಿಲ್ಲ. ಅವರ ಕಾರಣವೂ ಪೊಳ್ಳಲ್ಲ: ತೂತಿರುವ ಹಳೆಯ ಆವೃತ್ತಿಗೆ ದಾರಿ ತೆರೆದಿಟ್ಟರೆ, ಕದ್ದ ಫೋನನ್ನು ಕಳ್ಳನೂ ಅದೇ ದಾರಿಯಲ್ಲಿ ಹಿಂದಕ್ಕೆ ಕರೆದೊಯ್ದು ಬೀಗ ಮುರಿಯುತ್ತಾನೆ. ಭದ್ರತೆಯ ವಿಷಯದಲ್ಲಿ ನಾನು ಇದನ್ನು ಒಪ್ಪುತ್ತೇನೆ. ಕರೆ ಎತ್ತಲು ಮೇಲಕ್ಕೆ ತಳ್ಳಬೇಕೋ ಅಡ್ಡಕ್ಕೆ ತಳ್ಳಬೇಕೋ ಎನ್ನುವ ವಿಷಯದಲ್ಲಿ ಒಪ್ಪುವುದಿಲ್ಲ. ಅಲ್ಲಿ ಕಳ್ಳನ ಮಾತೇ ಬರುವುದಿಲ್ಲ. ಅದು ರೂಢಿಯ ವಿಷಯ, ರೂಢಿ ಬಳಸುವವನ ಆಸ್ತಿ. ಹಾಗೆಯೇ ಏನು ಬದಲಾಗುತ್ತದೆ ಎನ್ನುವುದನ್ನು ಮುಂಚೆಯೇ, ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ ಹೇಳಲು ಏನು ಕಷ್ಟ? ಈಗ ಬರುವ ವಿವರ ಬಹುಪಾಲು ಇಂಗ್ಲಿಷಿನಲ್ಲಿ, ದೋಷ ಸರಿಪಡಿಸಿದ್ದೇವೆ ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ಬಸ್ಸಿನ ಬೋರ್ಡಿನ ಮೇಲೆ 'ಮುಂದಿನ ಊರು' ಎಂದು ಬರೆದ ಹಾಗೆ.

ನನ್ನ ಫೋನಿನಲ್ಲಿ ನಾನು ಮಾಡುವುದು ಇಷ್ಟು. ತಿಂಗಳ ತೇಪೆ ಬಂದ ವಾರದೊಳಗೆ ಹಾಕುತ್ತೇನೆ, ಅದರಲ್ಲಿ ಮೀನಮೇಷವಿಲ್ಲ. ದೊಡ್ಡ ಆವೃತ್ತಿ ಬಂದರೆ ಮೂರು ವಾರ ಬಿಟ್ಟು, ನನ್ನದೇ ಮಾಡೆಲ್ ಇರುವ ಇನ್ನಿಬ್ಬರು ಹಾಕಿಕೊಂಡು ಬದುಕಿದ್ದಾರಾ ಎಂದು ವಿಚಾರಿಸಿ ಮುಂದುವರಿಯುತ್ತೇನೆ. ಫೋಟೊಗಳನ್ನು ಮೊದಲು ಬೇರೆ ಕಡೆ ಇಳಿಸಿಕೊಳ್ಳುತ್ತೇನೆ. ಅಂಗಡಿ ಹುಡುಗನಿಗೆ ಇದನ್ನು ಹೇಳಿದಾಗ "ನೀವು ಓದ್ಕೊಂಡೋರು ಮಾಡ್ತೀರ ಅಣ್ಣ, ನಮ್ ಗಿರಾಕಿಗಳಿಗೆ ಯಾವ್ದು ಸಣ್ಣದು ಯಾವ್ದು ದೊಡ್ಡದು ಹೆಂಗ್ ಗೊತ್ತಾಗ್ಬೇಕು?" ಎಂದ. ಪರದೆಯ ಮೇಲೆ ಎರಡಕ್ಕೂ ಒಂದೇ ಗುಂಡಿ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನ ಬೆಳಿಗ್ಗೆ ಮಂಡಿಯಲ್ಲಿ ನಾನು ಯಜಮಾನರ ಫೋನಿನ ಆ್ಯಪ್‌ಗೆ ಬಂದಿದ್ದ ಅಪ್‌ಡೇಟ್ ತೆಗೆದು ಹಳೆಯ ರೂಪಕ್ಕೆ ತಂದುಕೊಟ್ಟೆ. ಮೇಲಕ್ಕೆ ತಳ್ಳಿ ಕರೆ ಎತ್ತಿ ನೋಡಿ ಖುಷಿಯಾದರು, ಒಂದು ಕಟ್ಟು ಕೊತ್ತಂಬರಿ ಜಾಸ್ತಿಯೇ ಹಾಕಿಸಿದರು. ನಾಲ್ಕೈದು ದಿನಕ್ಕೆ ಅದು ಮತ್ತೆ ತಾನಾಗಿ ಹೊಸದಾಯಿತಂತೆ. ಈ ಸಲ ನನಗೆ ಹೇಳಿಕಳಿಸಲಿಲ್ಲ. ತಿಂಗಳು ಬಿಟ್ಟು ಹೋದಾಗ ಅವರು ಕವರಿನ ಮೇಲಿಂದಲೇ ಹೆಬ್ಬೆರಳನ್ನು ಸಲೀಸಾಗಿ ಅಡ್ಡಕ್ಕೆ ಎಳೆದು ಮಾತಾಡುತ್ತಿದ್ದರು. ರೂಢಿ ಆಯ್ತಾ ಎಂದು ಕೇಳಿದೆ. "ನಂದೇನೋ ಆಯ್ತು ಸಾ, ಮನೇಲಿ ನಮ್ಮಮ್ಮುಂದು ಹಳೇ ಫೋನು, ಅದ್ರಾಗೆ ಫೋನ್ ಬಂದ್ರೆ ಎತ್ತಕ್ಕಾಗ್ತಿಲ್ಲ" ಎಂದರು.